ಎರಡು ಸಲ ತಟ್ಟಿದ್ದು

ಹದಿನಾಲ್ಕನೇ ತಾರೀಕು, ಬುಧವಾರ
ಬೆಳಿಗ್ಗೆ ಹತ್ತೂವರೆ

ನನ್ನ ಗುಬ್ಬಿಗೆ ಅಕ್ಕನ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ, ಅದನ್ನು ಆಮೇಲೆ ನೋಡೋಣ.

ನಿನ್ನ ಕಾಗದ ಬಂದು ಹದಿನೇಳು ದಿನವಾಯಿತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮೂರು ಸಲ ಬರೆಯಲು ಕೂತೆ. ಮೊದಲನೇ ಸಲ ಸಿಟ್ಟು ಬಂತು, ಹರಿದು ಹಾಕಿದೆ. ಎರಡನೇ ಸಲ ಅಳು ಬಂತು, ಅಕ್ಷರವೆಲ್ಲ ಕಲಸಿಹೋಯಿತು. ಮೂರನೇ ಸಲ ಒಲೆಯ ಮೇಲಿಟ್ಟ ಹಾಲು ಉಕ್ಕಿತು. ಇದು ನಾಲ್ಕನೆಯದು, ಹಾಲು ಕಾಯಿಸಿಟ್ಟೇ ಕೂತಿದ್ದೇನೆ. ಗ್ಯಾಸ್ ಆರಿಸಿದ್ದೇನೆ, ಎದ್ದು ಹೋಗಿ ಇನ್ನೊಂದು ಸಲ ನೋಡಿಕೊಂಡೂ ಬಂದೆ. ಒತ್ತಕ್ಷರ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಬೇಡ. ನಾನು ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟದ್ದು ಯಾಕೆ ಎಂದು ಟೀಚರಮ್ಮನಾದ ನಿನಗೆ ಹೇಳಬೇಕಾಗಿಲ್ಲ. ಅಮ್ಮ ಹಾಸಿಗೆ ಹಿಡಿದಾಗ ನೀನು ಮೂರು ವರ್ಷದವಳು, ಯಾರಾದರೂ ಒಬ್ಬರು ಮನೆಯಲ್ಲಿ ಇರಬೇಕಿತ್ತು.

ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಮನೆಯವರು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, ತಾವು ಪೇಪರ್ ಓದುವವರ ಹಾಗೆ ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ಒಂದೇ ಊರಿನ ಆ ತುದಿಯಿಂದ ನೀನು ಕಾಗದ ಬರೆದೆ, ಈ ತುದಿಯಿಂದ ನಾನು ಬರೆಯುತ್ತಿದ್ದೇನೆ. ನಿನ್ನ ಶಾಲೆಯ ವಿಳಾಸಕ್ಕೇ ಹಾಕುತ್ತೇನೆ. ಓದಿ ಒಲೆಗೆ ಹಾಕು. ಬೇಡ, ಸೆರಗಿಗೆ ಕಿಡಿ ತಾಗೀತು. ಹರಿದು ಕಕ್ಕಸಿಗೆ ಹಾಕಿ ನೀರು ಬಿಡು. ಅದೂ ಬೇಡ, ಪೈಪು ಕಟ್ಟಿಕೊಂಡರೆ ಮತ್ತೆ ಪ್ಲಂಬರನ್ನು ಹುಡುಕಬೇಕು. ಹರಿದು ಕಸದ ಬುಟ್ಟಿಗೇ ಹಾಕು. ಇನ್ನೊಂದು ಮಾತು, ಬಚ್ಚಲಿಗೆ ಅಂಟಿದ ಹಜಾರದ ಗೋಡೆಯ ತೇವ ಸ್ವಿಚ್‌ಬೋರ್ಡಿನವರೆಗೆ ಬಂದಿದೆ ಎಂದು ಬರೆದಿದ್ದೀಯಲ್ಲ, ಅದನ್ನು ಮುಟ್ಟಬೇಡ. ಚಪ್ಪಲಿ ಹಾಕಿಕೊಂಡೂ ಮುಟ್ಟಬೇಡ. ನಿಮ್ಮ ಮನೆಯವರು ಬೇಕಾದರೆ ಮುಟ್ಟಲಿ. ತಪ್ಪಾಯಿತು, ಅವರೂ ಮುಟ್ಟುವುದು ಬೇಡ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಏಳು ಪ್ರಶ್ನೆ, ಪರೀಕ್ಷೆಯ ಹಾಗೆ ನಂಬರು ಹಾಕಿ. ಪ್ಲಂಬರ್ ಬೇಕಾದರೆ ಯಾರನ್ನು ವಿಚಾರಿಸಬೇಕು, ಅವನಿಗೆ ಅನುಭವ ಇದೆಯೆಂದು ಹೇಗೆ ತಿಳಿಯುವುದು, ಇಂಥವೇ. ಕೊನೆಯಲ್ಲಿ ಒಂದು ಸಾಲು: "ಅಕ್ಕಾ, ಮೂವತ್ತು ವರ್ಷ ಪ್ಲಂಬರ್ ಜೊತೆ ಬಾಳಿದವಳು ನೀನು, ನಿನಗಿಂತ ಚೆನ್ನಾಗಿ ಇದೆಲ್ಲ ಯಾರಿಗೆ ಗೊತ್ತಿರುತ್ತೆ. ಭಾವನಿಗೆ ಹೇಳ್ಬೇಡ, ನೊಂದ್ಕೋತಾರೆ."

ಅಲ್ಲ ಗುಬ್ಬಿ, ಒಬ್ಬಳ ಗಂಡನನ್ನು ಬಿಟ್ಟು ಬೇರೆಯವರನ್ನು ಕರೆಸುವುದು ಹೇಗೆ ಎಂದು ಅವಳನ್ನೇ ಕೇಳುವುದಕ್ಕೆ ಎಷ್ಟು ಓದಿರಬೇಕು?

ನಿನ್ನ ಭಾವ ನಿನ್ನ ಬಚ್ಚಲಮನೆಯಲ್ಲಿ ಆರು ಟೈಲ್ಸ್ ಒಡೆದು, ಒಳಗೆ ಒಂದು ಹನಿ ನೀರೂ ಸಿಗದೆ, ನಿಮ್ಮ ಮನೆಯವರ ಬಾಯಿಗೆ ಸಿಕ್ಕಿ, ಬ್ಯಾಗು ಎತ್ತಿಕೊಂಡು ಬಂದು ಇವತ್ತಿಗೆ ಎರಡು ತಿಂಗಳು ಮೂರು ದಿನ. ಅಂದಿನಿಂದ ಅವರನ್ನು ಒಬ್ಬರೂ ಕೆಲಸಕ್ಕೆ ಕರೆದಿಲ್ಲ. ಹೋದದ್ದು ಅವರ ಹೆಸರು. ಅದು ಅವರಿಗೆ ವಾಪಸು ಸಿಗಲಿ ಎಂದೇ ಈ ಕಾಗದ. ಆದರೂ ಕೇಳಿದ್ದೀಯ, ನಿನ್ನ ಪ್ರಶ್ನೆಗಳಿಗೂ ಉತ್ತರ ಬರೆಯುತ್ತೇನೆ. ನೀನು ಕೇಳಿದ್ದಕ್ಕೆ ನಾನು ಇಲ್ಲ ಎಂದದ್ದು ಯಾವಾಗ.

ಯಾರನ್ನು ವಿಚಾರಿಸಬೇಕು ಎಂದು ಕೇಳಿದ್ದೀಯ. ಹಾರ್ಡ್‌ವೇರ್ ಅಂಗಡಿಯವನನ್ನು ವಿಚಾರಿಸು. ಯಾರ ಕೆಲಸ ನಿಂತಿದೆ, ಯಾರ ಕೆಲಸ ಮೂರೇ ದಿನಕ್ಕೆ ಕಿತ್ತುಹೋಗಿದೆ ಎಂದು ಅವನಿಗೆ ಗೊತ್ತಿರುತ್ತದೆ, ಯಾಕೆಂದರೆ ಕಿತ್ತುಹೋದ ಮನೆಯವರು ಮತ್ತೆ ಸಾಮಾನಿಗೆ ಅವನ ಹತ್ತಿರವೇ ಬರಬೇಕು. ನಮ್ಮ ಬೀದಿಯ ಕೊನೆಯ ಅಂಗಡಿಯವನನ್ನು ಯಾರಾದರೂ ಕೇಳಿದರೆ ತಲೆ ಎತ್ತದೆ, "ನಮ್ ಕಿವಿ ಮಾಸ್ತರ್ ಇದಾರಲ್ಲ, ಅವರನ್ನ ಕರ್ಕೊಂಡು ಹೋಗಿ" ಅನ್ನುತ್ತಿದ್ದ. ನಿನ್ನ ಭಾವನಿಗೆ ಇದ್ದ ಹೆಸರು ಅದು. ಬೇರೆಯವರು ಒದ್ದೆಯಾದಲ್ಲೆಲ್ಲ ಒಡೆದು ನೋಡುತ್ತಿದ್ದರು. ಇವರು ಮೊಳದುದ್ದದ ಕಬ್ಬಿಣದ ಕಡ್ಡಿಯ ಒಂದು ತುದಿಯನ್ನು ಗೋಡೆಗೆ, ಇನ್ನೊಂದನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಒಳಗಿನ ಪೈಪಿನಲ್ಲಿ ನೀರು ಎಲ್ಲಿ ಸುಯ್ ಅನ್ನುತ್ತಿದೆಯೆಂದು ಕೇಳಿ, ಪೆನ್ಸಿಲಿನಲ್ಲಿ ಒಂದು ಗುರುತು ಹಾಕುತ್ತಿದ್ದರು. ಅಂಗೈಯಗಲ ಒಡೆದರೆ ಸೋರಿಕೆ ಅಲ್ಲೇ ಇರುತ್ತಿತ್ತು.

ಹೋದ ವಾರ ಬಲ್ಬು ತರಲು ಹೋಗಿದ್ದೆ. ಅಂಗಡಿಯವನು ಬಲ್ಬನ್ನು ಉರಿಸಿ ತೋರಿಸಿ, ಕಾಗದದಲ್ಲಿ ಸುತ್ತುತ್ತ, ನನ್ನ ಮುಖ ನೋಡದೆ ಹೇಳಿದ: "ಅಮ್ಮಾ, ಮಾಸ್ತರಿಗೆ ಸ್ವಲ್ಪ ದಿನ ರೆಸ್ಟ್ ಕೊಡಿ. ನಿಮ್ ತಂಗಿ ಯಜಮಾನ್ರು ಸಿಮೆಂಟ್ ತಗೊಳ್ಳೋಕೆ ಬಂದಿದ್ರು. ಇಲ್ಲೇ ನಿಂತ್ಕೊಂಡು ಮೂರು ಗಿರಾಕಿ ಎದುರಿಗೆ ಎಲ್ಲಾ ಹೇಳಿದ್ರು. ನಾನೇನ್ ಮಾಡ್ಲಿ ಹೇಳಿ, ಕಳಿಸ್ಕೊಟ್ಟೋನು ನಾನು ಅಂತ ನನ್ನ ಹೆಸರೂ ಹೋಗುತ್ತಲ್ವಾ."

ಊರಿನ ಆ ತುದಿಯಲ್ಲಿ ಸಿಮೆಂಟ್ ಸಿಗುವುದಿಲ್ಲವೇ ಗುಬ್ಬಿ? ಇಲ್ಲಿಯವರೆಗೆ ಬರಬೇಕಿತ್ತೇ?

ಅನುಭವ ತಿಳಿಯುವುದು ಹೇಗೆ ಎಂದರೆ, ಎಷ್ಟು ವರ್ಷ ಎಂದು ಕೇಳಬೇಡ, ಎಲ್ಲರೂ ಇಪ್ಪತ್ತು ಎನ್ನುತ್ತಾರೆ, ಮೀಸೆ ಬರದವನೂ ಇಪ್ಪತ್ತು ಎನ್ನುತ್ತಾನೆ. ಬಂದವನು ಮೊದಲು ಏನು ಮಾಡುತ್ತಾನೆ ನೋಡು. ಬಂದ ಕೂಡಲೇ ಸುತ್ತಿಗೆ, ಉಳಿ ತೆಗೆದರೆ ಟೀ ಕೊಟ್ಟು ಕಳಿಸಿಬಿಡು. ಮನೆಯ ನಲ್ಲಿಗಳನ್ನೆಲ್ಲ ನಿಲ್ಲಿಸಿ ಹೊರಗೆ ಹೋಗಿ ನೀರಿನ ಮೀಟರ್ ನೋಡುವವನು ಕಸುಬು ಬಲ್ಲವನು. ಎಲ್ಲ ನಿಂತ ಮೇಲೂ ಮುಳ್ಳು ತಿರುಗುತ್ತಿದ್ದರೆ ಪೈಪು ಸೋರುತ್ತಿದೆ, ತಿರುಗದಿದ್ದರೆ ತೇವ ಬೇರೆ ಕಡೆಯಿಂದ ಬಂದಿದೆ. ಇದನ್ನು ನೀನೇ ನೋಡಬಹುದು, ಯಾರೂ ಬೇಕಾಗಿಲ್ಲ. ಮತ್ತೆ, ಹಿಂದಿನ ಪ್ಲಂಬರನ್ನು ಬೈದನೆಂದು ಇವನು ಬುದ್ಧಿವಂತ ಅಂದುಕೊಳ್ಳಬೇಡ. ಬೈಯದ ಪ್ಲಂಬರ್ ಇನ್ನೂ ಹುಟ್ಟಿಲ್ಲ. ನಿನ್ನ ಭಾವ ಒಂದು ಮನೆಯಲ್ಲಿ ಪೈಪಿನ ಬಾಗು ತುಂಡು ನೋಡಿ "ಯಾವ ಕತ್ತೆ ಸ್ವಾಮಿ ಈ ಎಲ್ಬೋ ಹಾಕಿದ್ದು" ಎಂದು ಕಾಲು ಗಂಟೆ ಬೈದರಂತೆ. ಮನೆಯೊಡತಿ ಎಲ್ಲ ಕೇಳಿಸಿಕೊಂಡು, "ನೀವೇ ಹಾಕಿದ್ದು ಮಾಸ್ತರೇ, ನನ್ನ ಮಗಳು ಹುಟ್ಟಿದ ವರ್ಷ" ಎಂದರಂತೆ. ಮನೆಗೆ ಬಂದು ಹೇಳಿಕೊಂಡು ನಕ್ಕದ್ದೇ ನಕ್ಕದ್ದು. ಆ ನಗು ಕೇಳಿ ಎಷ್ಟು ದಿನವಾಯಿತು.

ಈಗ ಅವರು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಾರೆ. ನಮ್ಮ ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ ಜೋಡಿಸಿ, ಜೋಡಿಸಿ ಬಿಚ್ಚಿ, ಎಷ್ಟು ಬಿಗಿ ಮಾಡಿದ್ದಾರೆಂದರೆ ಒಂದೂ ನನ್ನ ಕೈಗೆ ತಿರುಗುವುದಿಲ್ಲ. ಮುಖ ತೊಳೆಯಬೇಕಾದರೂ ಅವರನ್ನೇ ಕರೆಯಬೇಕು. ಕರೆದರೆ ಕೇಳಿಸುವುದಿಲ್ಲ, ಎದುರಿಗೆ ಹೋಗಿ ನಿಲ್ಲಬೇಕು.

ಹೌದು. ಕೇಳಿಸುವುದಿಲ್ಲ. ಬರೆದುಬಿಟ್ಟೆ. ನಾಳೆ ಅದನ್ನೇ ಬರೆಯುತ್ತೇನೆ. ಈಗ ಅವರು ಎದ್ದು ಬರುತ್ತಿದ್ದಾರೆ.

ಗುರುವಾರ

ಅವರು ಕಟಿಂಗ್ ಶಾಪಿಗೆ ಹೋಗಿದ್ದಾರೆ. ಅಲ್ಲಿ ಸಾಲಿರುತ್ತದೆ, ಒಂದು ಗಂಟೆ ಸಿಗಬಹುದು.

ನಿನ್ನ ಮೂರನೇದು ನಾಲ್ಕನೇದು ಬೇಗ ಮುಗಿಸುತ್ತೇನೆ. ಬಂದು ನೋಡಿದ್ದಕ್ಕೇ ದುಡ್ಡು ಕೊಡಬೇಕೇ ಎಂದರೆ ಕೊಡಬೇಕು, ನೋಡುವುದೇ ಕೆಲಸ, ಒಡೆಯುವುದು ಯಾರಿಗಾದರೂ ಬರುತ್ತದೆ. ಗ್ಯಾರಂಟಿ ಕೇಳಬಹುದೇ ಎಂದರೆ, ತಾನು ಹಾಕಿದ ಜಾಯಿಂಟಿಗೆ ಅವನು ಕೊಟ್ಟಾನು, ಗೋಡೆಯೊಳಗೆ ಹಳೆಯದಾದ ಪೈಪಿಗೆ ಯಾರು ಕೊಡುತ್ತಾರೆ. ನೀರಿಗೆ ಮನೆ ಮೇಲೆ ಮರ್ಯಾದೆ ಇಲ್ಲ ಎಂದು ನಿನ್ನ ಭಾವನೇ ಹೇಳುತ್ತಿದ್ದರು.

ಐದನೇದು ಓದಿ ಕಾಗದವನ್ನು ಮಡಿಸಿಟ್ಟುಬಿಟ್ಟಿದ್ದೆ. ಕೆಲಸ ಮಾಡುವಾಗ ಮನೆಯವರು ಎದುರಿಗೆ ನಿಂತಿರಬೇಕೇ ಎಂದು ಕೇಳಿದ್ದೀಯ. ನಿಂತಿರಿ. ಆದರೆ ನಿಮ್ಮ ಮನೆಯವರು ಆವತ್ತು ನಿಂತ ಹಾಗೆ ನಿಲ್ಲಬೇಡಿ. ಬಾಗಿಲಿಗೆ ಅಡ್ಡಲಾಗಿ, ಕೈಕಟ್ಟಿಕೊಂಡು. ನಿನ್ನ ಭಾವ, "ಐದು ನಿಮಿಷ ಹೊರಗಿರಿ, ಹೆಜ್ಜೆ ಸಪ್ಪಳ ಗೋಡೆಗೆ ಬರುತ್ತೆ" ಎಂದರು. ಅದಕ್ಕೆ ಅವರು, "ನನ್ನ ಮನೇಲಿ ನಾನು ಎಲ್ಲಿ ನಿಂತ್ಕೋಬೇಕು ಅನ್ನೋದನ್ನೂ ನೀವೇ ಹೇಳ್ಬೇಕಾ ಅಣ್ಣಾವ್ರೆ" ಎಂದರು. ಆಮೇಲೆ ಎರಡೆರಡು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತ, "ಇನ್ನೂ ಎಷ್ಟು ಹೊತ್ತು ಗೋಡೆಗೆ ಮುತ್ತು ಕೊಡ್ತೀರಿ" ಎಂದರು. ನೀನು ಅವರ ಹಿಂದೆ ನಿಂತು ಬಾಯಿಗೆ ಸೆರಗು ಹಿಡಿದು ನಕ್ಕೆ. ನಾನು ನೋಡಿದೆ. ನಗಬೇಕೆಂದು ನಗಲಿಲ್ಲ ಎಂದು ನನಗೆ ಗೊತ್ತು, ಅವರು ಹೇಳಿದ್ದಕ್ಕೆಲ್ಲ ನಗುವುದು ನಿನಗೆ ರೂಢಿಯಾಗಿದೆ. ಆದರೂ ನಕ್ಕೆ.

ಆರನೇದು, ಒಡೆದ ಗೋಡೆಯನ್ನು ಯಾರು ಮುಚ್ಚಿಕೊಡಬೇಕು ಎಂದು. ಎಲ್ಲ ಪ್ಲಂಬರೂ ಮುಚ್ಚುವುದಿಲ್ಲ, ಅದು ಗಾರೆಯವರ ಕೆಲಸ ಎಂದು ಹೇಳಿ ಹೋಗುತ್ತಾರೆ, ಅದಕ್ಕೇ ಮೊದಲೇ ಮಾತಾಡಿಕೊಳ್ಳಬೇಕು. ನಿನ್ನ ಭಾವ ಮಾತ್ರ ತಾವು ಒಡೆದದ್ದನ್ನು ತಾವೇ ಮುಚ್ಚದೆ ಯಾರ ಮನೆಯಿಂದಲೂ ಬಂದವರಲ್ಲ. ನಿನ್ನ ಟೈಲ್ಸಿನ ಒಂದು ಚೂರನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹನ್ನೊಂದು ಅಂಗಡಿ ಅಲೆದರು. ಆ ತಿಳಿ ನೀಲಿ ಬಣ್ಣ ಈಗ ಬರುವುದೇ ಇಲ್ಲವಂತೆ. ಕೊನೆಗೆ ಯಾರೋ ಕಟ್ಟಿ ಮುಗಿಸಿದ ಮನೆಯ ಅಟ್ಟದಲ್ಲಿ ಉಳಿದಿದ್ದ ಆರನ್ನು ಬೇಡಿ ತಂದರು. ನಿನ್ನ ಮನೆಗೆ ಹೊತ್ತುಕೊಂಡು ಬಂದರೆ ಏನಾಯಿತು? ಅವರು ನನಗೆ ಹೇಳಲಿಲ್ಲ, ಮುಖ ನೋಡಿ ಹಿಂಡಿ ಹಿಂಡಿ ಕೇಳಿದೆ. ನಿಮ್ಮ ಮನೆಯವರು ಹೊಸ್ತಿಲಲ್ಲೇ ನಿಲ್ಲಿಸಿ, "ಬೇಡಿ ಅಣ್ಣಾವ್ರೆ, ಇನ್ನು ಒಡೆಯೋಕೆ ನಮ್ಮನೇಲಿ ಏನೂ ಉಳಿದಿಲ್ಲ" ಎಂದರಂತೆ. ನೀನು ಒಳಗಿದ್ದೆಯಂತೆ. ಪರದೆಯ ಕೆಳಗೆ ನಿನ್ನ ಕಾಲು ಕಾಣುತ್ತಿತ್ತಂತೆ. ಒಂದು ಲೋಟ ನೀರು ಬೇಕೇ ಎಂದು ಕೇಳಲು ಬಾಯಿ ಬರಲಿಲ್ಲವೇ ನಿನಗೆ? ನಿನ್ನ ಕಾಲೇಜಿನ ದಿನಗಳಲ್ಲಿ ನೀನಿದ್ದ ಕೋಣೆಯ ನಲ್ಲಿ ಕೆಟ್ಟಾಗಲೆಲ್ಲ ಊಟದ ಡಬ್ಬಿ ಅರ್ಧಕ್ಕೆ ಮುಚ್ಚಿಟ್ಟು ಸೈಕಲ್ ಹತ್ತಿ ಬರುತ್ತಿದ್ದವರು ಅವರು.

ಏಳನೇ ಪ್ರಶ್ನೆ ಬರೆಯುವಾಗ ನಿನ್ನ ಕೈ ತಡೆದಿದೆ, ಅಕ್ಷರ ನೋಡಿದರೆ ಗೊತ್ತಾಗುತ್ತದೆ. ಪ್ಲಂಬರ್ ತಪ್ಪು ಜಾಗ ಒಡೆದರೆ ಏನು ಮಾಡಬೇಕು? ಇದಕ್ಕೆ ಉತ್ತರ ಬರೆಯಬೇಕಾದರೆ ನಿನಗೆ ಗೊತ್ತಿಲ್ಲದ್ದನ್ನು ಹೇಳಬೇಕು.

ನಿನ್ನ ಭಾವನ ಕಿವಿ ಹೋಗಿ ಎರಡು ವರ್ಷ ದಾಟಿತು. ಪಂಪುಗಳ ಸದ್ದು, ಸುತ್ತಿಗೆಯ ಸದ್ದು, ಮೂವತ್ತು ವರ್ಷ ಕೇಳಿ ಕೇಳಿ ಸವೆದುಹೋಯಿತು ಎಂದು ಡಾಕ್ಟರು ಹೇಳಿದರು. ಎದುರಿಗೆ ನಿಂತು ನಿಧಾನವಾಗಿ ಆಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಗೋಡೆಯೊಳಗಿನ ನೀರಿಗೆ ತುಟಿ ಎಲ್ಲಿದೆ. ನನಗೆ ಮೊದಲು ಗೊತ್ತಾದದ್ದು ಒಬ್ಬ ರಿಟೈರಾದ ಗುಮಾಸ್ತರ ಮನೆಯಲ್ಲಿ. ಇವರು ಡಬ್ಬಿ ಮರೆತು ಹೋಗಿದ್ದರು, ಕೊಡಲು ಹೋದೆ. ಕಡ್ಡಿಗೆ ಕಿವಿ ಕೊಟ್ಟು ನಿಂತಿದ್ದರು, ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿತ್ತು. ನನ್ನನ್ನು ನೋಡಿ, "ಸ್ವಲ್ಪ ಇದನ್ನ ಹಿಡ್ಕೋ ಬಾ" ಎಂದರು. ಆ ಕಣ್ಣು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹಿಡಿದುಕೊಂಡೆ, ಕಿವಿ ಇಟ್ಟೆ. ಸುಯ್ ಎಂದು ಕೇಳಿಸಿತು. ಬೆರಳು ತೋರಿಸಿದೆ. ಒಡೆದರು. ಅಲ್ಲೇ ಇತ್ತು.

ಅಂದಿನಿಂದ ನಾನು ಜೊತೆಗೆ ಹೋಗುತ್ತಿದ್ದೆ. ಜನ ಏನೇನೋ ಅಂದರು. "ಮಾಸ್ತರು ಹೆಂಡ್ತಿ ಬಿಟ್ಟು ಒಂದು ಹೆಜ್ಜೆ ಇಡಲ್ಲ, ಯಾಕಮ್ಮಾ, ಕಾವಲಾ" ಎಂದು ನಗುವರು. ನಗಲಿ ಎಂದು ಬಿಟ್ಟೆವು. ನಾವು ಮಾಡುತ್ತಿದ್ದದ್ದು ಹೀಗೆ. ಅವರು ಗೋಡೆಗೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತು ಕಡ್ಡಿಗೆ ಕಿವಿ ಕೊಡುವರು, ನೋಡುವವರಿಗೆ ಅವರೇ ಕೇಳುತ್ತಿರುವ ಹಾಗೆ. ನಾನು ಹಿಂದೆ ಕೂತು, ಅವರ ತೋಳಿನ ಕೆಳಗಿನಿಂದ ಒಂದು ಉದ್ದನೆಯ ಸ್ಕ್ರೂಡ್ರೈವರನ್ನು ಅದೇ ಜಾಗಕ್ಕೆ ಒತ್ತಿ, ಹಿಡಿಗೆ ಕಿವಿ ಇಡುತ್ತಿದ್ದೆ. ಎಡಗೈ ಅವರ ಬೆನ್ನ ಮೇಲೆ. ಒಂದು ಸಲ ತಟ್ಟಿದರೆ ಇಲ್ಲಿಲ್ಲ, ಮುಂದೆ ಹೋಗಿ ಎಂದು. ಎರಡು ಸಲ ತಟ್ಟಿದರೆ ಇಲ್ಲೇ ಎಂದು. ಎರಡು ವರ್ಷದಲ್ಲಿ ಒಂದು ಗೋಡೆಯೂ ತಪ್ಪಿರಲಿಲ್ಲ. ಏಳನೇ ಕ್ಲಾಸು ಮುಗಿಸದ ನಾನು ಒಂದು ಕಸುಬು ಕಲಿತಿದ್ದೆ ಗುಬ್ಬಿ. ಯಾರಿಗೂ ಹೇಳಿಕೊಳ್ಳುವ ಹಾಗಿರಲಿಲ್ಲ, ಆದರೂ ಕಲಿತಿದ್ದೆ.

ನಿನ್ನ ಮನೆಗೆ ಬಂದ ದಿನ ನನಗೆ ಬೆಳಗಿನಿಂದಲೇ ಎದೆ ಡವಗುಟ್ಟುತ್ತಿತ್ತು. ಬೇರೆ ಯಾರ ಮನೆಯಲ್ಲಿ ತಪ್ಪಿದರೂ ಪರವಾಗಿಲ್ಲ, ನಿನ್ನ ಮನೆಯಲ್ಲಿ ತಪ್ಪಬಾರದು ಎಂದು ಅಂದುಕೊಂಡೇ ಬಂದೆ. ನಿಮ್ಮ ಮನೆಯವರು ಬಾಗಿಲಲ್ಲಿ ನಿಂತರು, ಗೋಡೆಗೆ ಮುತ್ತು ಕೊಡುವ ಮಾತಾಡಿದರು, ನೀನು ನಕ್ಕೆ. ನನ್ನ ರಕ್ತವೇ ನನ್ನ ಕಿವಿಯಲ್ಲಿ ಹರಿಯತೊಡಗಿತು. ಎಲ್ಲಿ ಇಟ್ಟರೂ ಸುಯ್, ಎಲ್ಲಿ ಇಟ್ಟರೂ ಸುಯ್. ಅಷ್ಟರಲ್ಲಿ ನಿಮ್ಮ ಮನೆಯವರು "ಹೋಗ್ಲಿ ಬಿಡಿ, ನಾಳೆ ಯಾರನ್ನಾದ್ರೂ ಕರೆಸೋಣ" ಎಂದರು. ಹೇಗಾದರೂ ಮುಗಿದರೆ ಸಾಕು ಎಂದು ಎರಡು ಸಲ ತಟ್ಟಿಬಿಟ್ಟೆ. ನಾಲ್ಕು ಟೈಲ್ಸ್ ಒಡೆದರು, ಒಣಗಿದ ಗಾರೆಯ ಪುಡಿ ಉದುರಿತು. ಪಕ್ಕದಲ್ಲಿರಬಹುದೆಂದು ಇನ್ನೆರಡು ಒಡೆದರು. ಅಲ್ಲೂ ಅದೇ ಪುಡಿ. ಆಗ ನಿಮ್ಮ ಮನೆಯವರು ಹಿಂದಿನಿಂದ ಮೂರು ಸಲ "ನಿಲ್ಸಿ" ಎಂದರು. ಇವರು ಒಡೆಯುತ್ತಲೇ ಇದ್ದರು. "ಏನಿದು, ಇವರಿಗೆ ಕಿವಿನೇ ಕೇಳಲ್ವಾ? ಕಿವುಡನ ಕೈಗೆ ಸುತ್ತಿಗೆ ಕೊಟ್ಟಂಗಾಯ್ತಲ್ಲ" ಎಂದು ನಿನ್ನ ಮುಖ ನೋಡಿ ಹೇಳಿದರು, ಹೇಳಿದ್ದು ನನಗೆ ಕೇಳಿಸಲಿ ಎಂದು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ತಪ್ಪಿದ್ದು ನನ್ನ ಕಿವಿ, ಬೈಸಿಕೊಂಡದ್ದು ಅವರು. ಅವರು ಎದ್ದು ನಿಂತು ಕೈಯ ಧೂಳು ಕೊಡವಿಕೊಂಡು, "ನನ್ನದೇ ತಪ್ಪು, ಅಂದಾಜು ತಪ್ಪಿತು" ಎಂದರು. ನಾನು ಪೊರಕೆ ಹುಡುಕುತ್ತ ನಿಂತೆ. ಆವತ್ತು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಅದಕ್ಕೇ ನಿನ್ನ ಏಳನೇ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ತಪ್ಪು ಜಾಗ ಒಡೆದರೆ, ಒಡೆದವನನ್ನು ಬೈಯುವ ಮೊದಲು ಇಲ್ಲಿ ಒಡೆ ಎಂದವರು ಯಾರು ಎಂದು ಕೇಳಬೇಕು. ನಿಮ್ಮ ಮನೆಯವರಿಗೆ ಹೇಳು, ನನ್ನ ಅಕ್ಕನ ತಪ್ಪು ಎಂದು. ಅವರು ಆ ಅಂಗಡಿಯಲ್ಲೇ ನಿಂತು, ಬೇಕಾದರೆ ಆ ಮೂರು ಗಿರಾಕಿಗಳ ಎದುರಿಗೇ, ಅದನ್ನು ಹೇಳಲಿ. ನನ್ನನ್ನು ಏನು ಬೇಕಾದರೂ ಅನ್ನಲಿ. ಕಳೆದುಕೊಳ್ಳಲು ನನಗೆ ಯಾವ ಹೆಸರೂ ಇಲ್ಲ. ಹೊಸ ಪ್ಲಂಬರನ್ನು ಕರೆಸುವುದಾದರೆ ಕರೆಸು, ನನ್ನ ಅಡ್ಡಿಯಿಲ್ಲ. ಅವನಿಗೆ ಟೀ ಮಾತ್ರ ಕೊಡು, ಹೊಸ್ತಿಲಲ್ಲಿ ನಿಲ್ಲಿಸಬೇಡ.

ನಿನಗೆ ಒಳ್ಳೆಯದಾಗಲಿ. ನಿನ್ನ ಕೆಮ್ಮು ಹೇಗಿದೆ ಬರೆಯಲೇ ಇಲ್ಲ. ತೇವದ ಗೋಡೆಯ ಪಕ್ಕ ಮಲಗಬೇಡ, ಮಂಚ ಈಚೆ ಎಳೆದುಕೋ, ಒಬ್ಬಳೇ ಎಳೆಯಬೇಡ. ನಿಮ್ಮ ಮನೆಯವರಿಗೂ ಆರೋಗ್ಯ ಚೆನ್ನಾಗಿರಲಿ. ಮನಸ್ಸಿನಿಂದಲೇ ಬರೆದಿದ್ದೇನೆ, ಅವರು ಚೆನ್ನಾಗಿದ್ದರೆ ತಾನೇ ನೀನು ಚೆನ್ನಾಗಿರುವುದು. ನಿನ್ನ ಮನೆಯಲ್ಲಿ ನಗು ಇರಲಿ, ನಿನ್ನದೇ ನಗು.

ಇಂತು ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ
ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಲಕೋಟೆಗೆ ಗೋಂದು ಹಚ್ಚಿ ಅಂಟಿಸಿದ್ದೆ, ಮತ್ತೆ ಬಿಡಿಸಿದ್ದೇನೆ, ಅಂಚು ಹರಿದಿದೆ, ಬೇರೆ ಯಾರೋ ಒಡೆದಿದ್ದಾರೆ ಎಂದು ಹೆದರಬೇಡ.

ಅವರನ್ನು ಒಬ್ಬರೂ ಕೆಲಸಕ್ಕೆ ಕರೆದಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಹೋದ ತಿಂಗಳು ಇಬ್ಬರು ಬಂದಿದ್ದರು, ಎಲ್ಬೋ ಹಾಕಿದ ಮನೆಯ ಆ ಅಮ್ಮನೇ ಒಬ್ಬರು. "ಯಾರು ಏನಾದ್ರೂ ಅನ್ಲಿ ಮಾಸ್ತರೇ, ನೀವೇ ಬನ್ನಿ" ಎಂದರು. ಇವರೇ ಕೈಮುಗಿದು ಕಳಿಸಿದರು. ನಿಮ್ಮ ಮನೆಯವರ ಬಾಯಿಗೆ ಹೆದರಿ ಅಲ್ಲ. ಅಂಥ ಬಾಯಿಗಳನ್ನು ಅವರು ಬಹಳ ನೋಡಿದ್ದಾರೆ.

ಆವತ್ತು ನಿನ್ನ ಮನೆಯಿಂದ ಹೊರಟು ಬಸ್ ಸ್ಟಾಪಿನಲ್ಲಿ ನಿಂತಿದ್ದೆವು. ಅವರು ನನ್ನ ಕಡೆ ತಿರುಗಿ, "ನೀನು ಒಂದೇ ಸಲ ತಟ್ಟಿದ್ದೆ ಅಲ್ವಾ?" ಎಂದರು. ನಾನು ಎರಡು ಸಲ ತಟ್ಟಿದ್ದೆ. ನನ್ನ ಬೆರಳಿಗೆ ಗೊತ್ತು. ಅವರ ಮುಖ ನೋಡಿದೆ, ನನ್ನ ಮೇಲೆ ಸಿಟ್ಟಾಗುತ್ತಾರೇನೋ ಎಂದು ಭಯವಾಯಿತು. ಮೂವತ್ತು ವರ್ಷದಲ್ಲಿ ಒಂದು ಸಲವೂ ಗದರದ ಮನುಷ್ಯನಿಗೆ ಹೆದರಿ ತಲೆಯಾಡಿಸಿಬಿಟ್ಟೆ. ಹೌದು, ಒಂದೇ ಸಲ ಎಂದು. "ನಾನೂ ಅದೇ ಅಂದ್ಕೊಂಡೆ" ಎಂದರು. "ಕಿವಿ ಹೋಯ್ತು. ಈಗ ಮೈಗೂ ಗೊತ್ತಾಗ್ತಿಲ್ಲ. ಇನ್ನು ಇನ್ನೊಬ್ಬರ ಗೋಡೆ ಮುಟ್ಟಬಾರ್ದು."

ನಾಲ್ಕೇ ದಿನಕ್ಕೆ ತಡೆಯಲಾರದೆ ನಿಜ ಹೇಳಿದೆ. ಎದುರಿಗೆ ಕೂತು, ತುಟಿ ಕಾಣುವ ಹಾಗೆ, ಒಂದೊಂದೇ ಅಕ್ಷರವಾಗಿ. ನನ್ನ ತಲೆ ಸವರಿ, "ನನಗೋಸ್ಕರ ತಪ್ಪು ಹೊತ್ಕೋಬೇಡ ಬಿಡು" ಎಂದರು. ಅವರ ಬೆನ್ನಿನ ಮೇಲೆ ತಟ್ಟಿ ಎಷ್ಟು ಸಲ ಎಂದು ಕೇಳಿದೆ. ಮೂರು ಎಂದರು, ಸರಿ. ಎರಡು ಎಂದರು, ಸರಿ. ಐದು ಎಂದರು, ಅದೂ ಸರಿ. ಸರಿ ಎಂದು ತಲೆಯಾಡಿಸಿದರೆ, "ನಾನು ಎಷ್ಟು ಅಂದ್ರೂ ನೀನು ಸರಿ ಅಂತೀಯ" ಎಂದು ನಕ್ಕುಬಿಟ್ಟರು. ಅವರ ಮೈ ಚೆನ್ನಾಗಿದೆ ಗುಬ್ಬಿ. ನಾನು ಹಾಳು ಮಾಡಿದ್ದು ನನ್ನ ಮಾತನ್ನು.

ನಾನು ತಟ್ಟುವಾಗ ನೀನು ನಿಮ್ಮ ಮನೆಯವರ ಪಕ್ಕದಿಂದ ಇಣುಕುತ್ತ ನನ್ನ ಬೆನ್ನ ಹಿಂದೆಯೇ ನಿಂತಿದ್ದೆ. ನನ್ನ ಎಡಗೈ ನಿನಗೆ ಕಾಣುತ್ತಿತ್ತು. ಅದು ಏನೆಂದು ಆಗ ನಿನಗೆ ತಿಳಿದಿರಲಿಲ್ಲ, ಈಗ ತಿಳಿಯಿತು. ನಿಮ್ಮ ಮನೆಯವರು ಅಂಗಡಿಗೆ ಹೋಗುವುದು ಬೇಡ, ಯಾರಿಗೂ ಏನೂ ಹೇಳುವುದು ಬೇಡ. ನೀನು ಒಂದು ಸಲ ಬಾ. ಬಂದು ಅವರ ಎದುರಿಗೆ ನಿಂತು, ಭಾವ, ಅಕ್ಕ ಎರಡು ಸಲ ತಟ್ಟಿದ್ದನ್ನು ನಾನು ಕಣ್ಣಾರೆ ನೋಡಿದೆ ಎಂದು ಹೇಳು. ನೀನು ಹೇಳಿದರೆ ನಂಬುತ್ತಾರೆ. ಅಕ್ಕನಿಗೋಸ್ಕರ ಸುಳ್ಳು ಹೇಳುವವಳು ನೀನಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು.